ಬಸ್ಸಿನ ಹಸಿರು

...ಅಲ್ಲ ಮಾರಾಯ, ನೀನು ಮೊದಲು ಅದನ್ನು ಕೆಳಗಿಡು. ಮಗುವನ್ನು ಇಂಜೆಕ್ಷನ್‌ಗೆ ತಂದವರ ಹಾಗೆ ಅಪ್ಪಿ ಹಿಡ್ಕೊಂಡು ನಿಂತಿದ್ದೀಯಲ್ಲ! ಇಡು. ಈ ಕಾರಿನ ಬಾನೆಟ್ ಮೇಲೆಯೇ ಇಡು, ಶಂಭು ಎಂತ ಹೇಳುವುದಿಲ್ಲ. ಅವ ಹಿಂದೆ ಪೈಂಟ್ ಹೊಡೆಯುವ ಕಂಪ್ರೆಸರ್ ಸರಿ ಮಾಡ್ತಾ ಇದ್ದಾನೆ. ಅವ ಬರುವುದರೊಳಗೆ ನಾವೊಂದು ತೀರ್ಮಾನಕ್ಕೆ ಬರುವ. ಸ್ಯಾಂಡ್ ಪೇಪರ್ ಹಾಕಿ ಒಮ್ಮೆ ಉಜ್ಜಿದ್ರೆ ಮತ್ತೆ ಹಿಂದೆ ಹೋಗ್ಲಿಕ್ಕಿಲ್ಲ, ಅದು ನನಗೂ ಗೊತ್ತುಂಟು.

ನೀನೇ ನೋಡು ಫೈಝಲ್. ಇದೊಂದು ಬೇಸ್ ಗಿಟಾರಾ? ನೆರೆಯಲ್ಲಿ ತೇಲಿ ಬಂದ ಬಾಗಿಲಿನ ಹಾಗೆ ಉಂಟು! ಇಲ್ಲಿ ಬಣ್ಣ ಗುಳ್ಳೆ ಎದ್ದಿದೆ. ಈ ಅಂಚು ಚಕ್ಕೆ ಎದ್ದು ಹೋಗಿದೆ. ಈ ಬದಿಯಲ್ಲಿ ನಿನ್ನ ಬಾಪನ ಕೈ ಉಜ್ಜಿ ಉಜ್ಜಿ ಮರ ಕಾಣ್ತದೆ, ಆ ಬದಿಯಲ್ಲಿ ನಿನ್ನ ಕೈ. ಅವ ಬಲಗೈಯವ, ನೀನು ಎಡಗೈಯವ, ಗಿಟಾರನ್ನೇ ತಿರುಗಿಸಿ ಹಿಡಿದವ. ಅಪ್ಪ ಮಗ ಸೇರಿ ಎರಡೂ ಕಡೆ ಸವೆಸಿಬಿಟ್ಟಿದ್ದೀರಿ.

ಎಂತ? ...ಕಾರಿನ ಪೈಂಟ್ ದಪ್ಪ ಆಗ್ತದೆ, ಸ್ವರ ಸಾಯ್ತದೆ ಅಂತ ತಾನೆ ನಿನ್ನ ಯೋಚನೆ? ನಿನ್ನ ಮುಖ ನೋಡಿದ್ರೇ ಗೊತ್ತಾಗ್ತದೆ. ಸಾಯುವುದಿಲ್ಲ ಮಾರಾಯ! ನಿನ್ನ ಬಾಪ ಶುಕೂರ್ ಇದಕ್ಕೆ ಬಳಿದದ್ದು ಎಂತ ಬಣ್ಣ? ಬಂಟ್ವಾಳದಲ್ಲಿ ಒಂದು ಬಸ್ಸಿಗೆ ಬಣ್ಣ ಹೊಡೆದು ಉಳಿದ ಡಬ್ಬಿ. ಡಬ್ಬಿ ಹಿಡ್ಕೊಂಡು ನಿಂತವ ನಾನೇ! ಬ್ರಶ್ಶಿನಲ್ಲಿ ಬಳಿದದ್ದು, ಗೋಡೆಗೆ ಬಳಿದ ಹಾಗೆ. ಆಗ ಸಾಯದ ಸ್ವರ ಈಗ ಸಾಯ್ತದಾ? ಆವತ್ತು ನಮಗೆ ಆರ್ಕೆಸ್ಟ್ರಾ ಅಂದ್ರೆ ಎಂತ ಹುಚ್ಚು... ನಾನು ಕೀಬೋರ್ಡ್, ಅವ ಬೇಸ್. ನೆರೆ ಬಂದಾಗ ಅಕ್ಕಿ ಮೂಟೆ ಬಿಟ್ಟು ಮೊದಲು ಇದನ್ನು ಅಟ್ಟಕ್ಕೆ ಹಾಕಿದ ಅಂತ ನಿನ್ನ ಉಮ್ಮ ಸೈನಬಕ್ಕ ಬೈದದ್ದು, ಅಬ್ಬಾ! ಈಗ್ಲೂ ಬೈತಾರಾ? ...ಹ್ಞೂಂ.

ಬಾಪನಿಗೆ ಹೇಳ್ಬೇಡ. ಪಾಪ, ಅವನ ಬೆರಳೇ ಮಡಚುವುದಿಲ್ಲ ಈಗ, ಸುಮ್ಮನೆ ತಲೆಬಿಸಿ ಯಾಕೆ? ಕಪ್ಪು ಬಳಿದು ಮೇಲೆ ಲ್ಯಾಕರ್ ಹೊಡೆದ್ರೆ ಲೈಟಿಗೆ ಹೇಗೆ ಮಿಂಚ್ತದೆ ಗೊತ್ತುಂಟಾ? ಆಮೇಲೆ ತೋರಿಸುವ.

ಕಪ್ಪೇ ಯಾಕೆ ಅಂತಾ? ಕಪ್ಪು ಚೆಂದ. ಕಪ್ಪು ಯಾವುದಕ್ಕೂ... ಎಂತ ಹೇಳುವುದು... ಯಾವುದಕ್ಕೂ ಆಗ್ತದೆ.

ಯಾಕೆ ನಗಾಡುವುದು? ನಾನು ಎಂತ ತಮಾಷೆ ಹೇಳಿದೆ?

ಆಯ್ತು. ಸುತ್ತಿ ಬಳಸಿ ಹೇಳುವುದಿಲ್ಲ. ಚೌತಿಗೆ ಮೂಡುಬಿದಿರೆ ಕಡೆ ಪ್ರೋಗ್ರಾಂ ಉಂಟಲ್ಲ, ಆ ಸಮಿತಿಯವರಿಗೆ ಈ ಬಣ್ಣ... ದೇವಿಪ್ರಸಾದ್ ಇದ್ದಾನಲ್ಲ, ನಿನ್ನ ಹೈಸ್ಕೂಲ್ ಜೊತೆಯವ, ಅವನೇ ಈಗ ಕಾರ್ಯದರ್ಶಿ. ಅವ ಫೋನ್‌ನಲ್ಲಿ ಹೇಳಿದ, ರವಿಯಣ್ಣ, ಆ ಹಸಿರು ಗಿಟಾರ್ ಸ್ಟೇಜಿನಲ್ಲಿ ಬೇಡ ಅಂತ. ಬಸ್ಸಿನ ಹಸಿರು ಅಂತ ನನಗೆ ಗೊತ್ತುಂಟು, ನಿನಗೆ ಗೊತ್ತುಂಟು. ಕೆಳಗೆ ಕೂತವರಿಗೆ ಹೋಗಿ ಯಾರು ಹೇಳುವುದು, ಇದು ಧರ್ಮದ್ದಲ್ಲ ಬಸ್ಸಿನದ್ದು ಅಂತ? ಮೈಕ್‌ನಲ್ಲಿ ಹೇಳುವುದಾ?

ನೀನು ಹಾಗೆ ನೋಡ್ಬೇಡ ನನ್ನನ್ನು. ನಾನು ಆ ಜಾತಿಯ ಮನುಷ್ಯ ಅಲ್ಲ, ನಿನಗೆ ಗೊತ್ತಿಲ್ಲವಾ? ನಿಮ್ಮ ಮನೆಯ ನೈಚೋರು, ಆ ತುಪ್ಪದ ಅನ್ನ, ತಿಂದು ಬೆಳೆದ ಹೊಟ್ಟೆ ಇದು! ಆದ್ರೆ ಕಾಲ ನೋಡ್ಬೇಕಲ್ಲ. ಆ ಮದುವೆಮನೆಯ ಮೆಹಂದಿ ಪ್ರೋಗ್ರಾಂ ನೆನಪುಂಟಾ? ಅಶ್ವಿತಾ ಮೈಕ್ ಹಿಡ್ಕೊಂಡು ಒಬ್ಬೊಬ್ಬರ ಹೆಸರು ಹೇಳ್ತಾ ಬಂದಳು, ಡ್ರಮ್ಸ್‌ನಲ್ಲಿ ಇಂಥವರು, ಕೀಬೋರ್ಡ್‌ನಲ್ಲಿ ರವಿಶಂಕರ್. ಚಪ್ಪಾಳೆ. ಬೇಸ್ ಗಿಟಾರ್‌ನಲ್ಲಿ ಫೈಝಲ್ ಅಂದಳು. ನೀನು ತಲೆ ಬಗ್ಗಿಸಿ ಒಂದು ಸಣ್ಣ ಪೀಸ್ ಬಾರಿಸಿದೆ. ಆಗ ಆ ಹುಡುಗರ ಗುಂಪು ಎದುರು ಬಂದು ನಿಂತಿತಲ್ಲ, ಮೊಬೈಲ್ ಎತ್ತಿ ವೀಡಿಯೋ ತೆಗೀತಾ? ನಿನ್ನದೇ ವೀಡಿಯೋ. ನಂದಲ್ಲ. ಅಶ್ವಿತಾಳದ್ದೂ ಅಲ್ಲ!

...ಚೆಂದ ಬಾರಿಸಿದೆ ಅಂತ ತೆಗೆದಿರಬಹುದು, ಹೌದು. ಆಮೇಲೆ ಎಂತ ಆಗಲೂ ಇಲ್ಲ, ಹೌದು. ಆದ್ರೆ ನಾನು ಆವತ್ತು ಮುಗಿಯುವವರೆಗೆ ಕೀಬೋರ್ಡ್ ನೋಡದೆ ಆ ಹುಡುಗರನ್ನೇ ನೋಡ್ತಾ ಬಾರಿಸಿದ್ದು. ನೀನು ನೋಡಿರ್ಲಿಕ್ಕಿಲ್ಲ. ನೀನು ಕಣ್ಣು ಮುಚ್ಚಿ ಬಾರಿಸುವವ.

ಬೀಸುವ ದೊಣ್ಣೆ ತಪ್ಪಿಸಿಕೊಂಡ್ರೆ ಸಾವಿರ ವರ್ಷ ಆಯುಷ್ಯ ಅಂತಾರೆ. ಅಷ್ಟೇ ನಾನು ಹೇಳುವುದು. ಒಂದು ಕೋಟ್ ಕಪ್ಪು, ಮುಗೀತು. ಮತ್ತೆ... ಆ ಹೆಸರು ಹೇಳುವುದುಂಟಲ್ಲ, ಅದೊಂದು ಈ ಸಲ ಬೇಡ ಅಂತ ಅಶ್ವಿತಾಳಿಗೆ ಹೇಳಿದ್ದೇನೆ. ಯಾರದ್ದೂ ಹೇಳ್ಬೇಡ ಅಂತ. ಅಲ್ಲ, ಹೇಳುವುದಾದ್ರೂ ಹಾಡುವವರದ್ದು ಮಾತ್ರ. ಮತ್ತೆ ಡ್ರಮ್ಸ್. ಅವನದ್ದು ಹೇಳದಿದ್ರೆ ಅವನಿಗೆ ಬೇಜಾರಾಗ್ತದೆ ಅಂತ.

ನಿನಗೂ ಬೇಜಾರಾಗ್ತದೆ. ಗೊತ್ತುಂಟು.

ನೀನು ಸ್ಪೀಕರ್ ಬಾಕ್ಸಿನ ಹಿಂದೆ ನಿಂತ್ರೂ ಆಗ್ತದೆ. ಬೇಸ್ ಅಂದ್ರೆ ಜನ ನೋಡುವ ವಾದ್ಯ ಅಲ್ಲ, ಎದೆಗೆ ಬಡಿಯುವ ವಾದ್ಯ. ಬೇರೆ ಆರ್ಕೆಸ್ಟ್ರಾದವರೆಲ್ಲ ಕೀಬೋರ್ಡಿನಲ್ಲೇ ಬೇಸ್ ಮುಗಿಸ್ತಾರೆ, ನಮ್ಮದು ಮಾತ್ರ ನಿಜವಾದ ತಂತಿ. ಅದಕ್ಕೇ ನಮ್ಮನ್ನು ಕರೀತಾರೆ. ನಿನ್ನಿಂದ! ಅಲ್ಲ ಅಂತ ನಾನು ಯಾವತ್ತಾದ್ರೂ ಹೇಳಿದ್ದೇನಾ?

ಶಂಭೂ! ಬಂದೆಯಾ? ಬಾ, ಬಾ. ಆಯ್ತು, ಬಹುತೇಕ ತೀರ್ಮಾನ ಆಯ್ತು. ತಂತಿ, ಪಿಕಪ್ ಎಲ್ಲ ಬಿಚ್ಚಿ ಇಡು, ಕುತ್ತಿಗೆಗೆ ಮುಟ್ಟಬೇಡ. ಬಾಡಿ ಮಾತ್ರ ಕಪ್ಪು. ಗುಳ್ಳೆ ಎದ್ದಲ್ಲಿ ಪುಟ್ಟಿ ಹಾಕು. ಒಣಗಿದ ಮೇಲೆ ನನಗೇ ಫೋನ್ ಮಾಡು, ನಾನೇ ಬಂದು ತಕ್ಕೊಂಡು ಸೀದಾ ಪ್ರೋಗ್ರಾಂಗೆ ಹೋಗ್ತೇನೆ. ಮತ್ತೊಂದು, ನೋಡಿಲ್ಲಿ, ಬೆಲ್ಟ್ ಸಿಕ್ಕಿಸುವ ಈ ಸ್ಕ್ರೂ ಉಂಟಲ್ಲ, ಇದು ಬಾಡಿಯ ಈ ಕೆಳಗಿನ ಕೊಂಬಿನಲ್ಲಿ ಉಂಟು. ಇದನ್ನು ತೆಗೆದು ಮೇಲಿನ ಕೊಂಬಿನ ಹಳೇ ತೂತಿಗೇ ಹಾಕು. ಈ ತೂತನ್ನು ಪುಟ್ಟಿ ಹಾಕಿ ಮುಚ್ಚಿಬಿಡು...

...

ಶಂಭು, ನೀನು ಹೋಗಿ ಒಂದು ಚಾ ಕುಡಿದು ಬಾ. ಹೋಗು ಮಾರಾಯ.

ಎಂತ ಫೈಝಲ್? ...ಸ್ಕ್ರೂನ ವಿಷಯವಾ? ಅದು... ಹಾಗೆ ಬಾಯಿಗೆ ಬಂತು. ಮೊದಲು ಎಲ್ಲಿತ್ತೋ ಅಲ್ಲೇ ಇರಲಿ ಅಂತ... ಬಾಪನ ಕಾಲದ ಹಾಗೆ...

ಹೌದು. ಬಲಗೈಯವರಿಗೆ. ನಿನಗೆ ಅದು ಆಗುವುದಿಲ್ಲ, ಗೊತ್ತುಂಟು.

ಹಾಗೆ ನಿಂತ್ರೆ ನಾನು ಹೇಗೆ ಹೇಳ್ಲಿ? ಕೂರು. ಸ್ಟೂಲ್ ಮೇಲೆ ಕೂರು ಸ್ವಲ್ಪ. ...ಬೇಡವಾ? ಬೇಡ.

ಒಬ್ಬ ಹುಡುಗ ಇದ್ದಾನೆ, ಮೂಡುಬಿದಿರೆಯವ. ಸಾದಾ ಗಿಟಾರ್ ಬಾರಿಸ್ತಾನೆ, ಬೇಸ್ ಸುಮಾರಾಗಿ ಬರ್ತದೆ. ಅವನ ಹತ್ತಿರ ಬೇಸ್ ಇಲ್ಲ. ಈ ಒಂದು ಪ್ರೋಗ್ರಾಂಗೆ, ಕೇಳು, ಈ ಒಂದಕ್ಕೆ ಮಾತ್ರ ಇದನ್ನು ಅವ ಬಾರಿಸ್ಲಿ! ಇದನ್ನು ಹಸಿರಾಗಿ ತಕ್ಕೊಂಡು ಹೋದ್ರೆ ಇಡೀ ಮೂಡುಬಿದಿರೆ ಕೇಳ್ತದೆ, ಇದು ಶುಕೂರನ ಗಿಟಾರಲ್ಲವಾ, ಅವನ ಮಗ ಎಲ್ಲಿ ಅಂತ. ಅದಕ್ಕೆ ಕಪ್ಪು. ಗುರುತು ಸಿಗಬಾರದು ಅಂತ. ನಿನ್ನ ಒಳ್ಳೇದಕ್ಕೇ ಮಾರಾಯ! ನಾಳೆ ಯಾರಾದ್ರೂ ನಿನ್ನ ಮೇಲೆ ಕೈ ಮಾಡಿದ್ರೆ ಸೈನಬಕ್ಕನ ಎದುರು ನಾನು ಯಾವ ಮುಖ ಇಟ್ಕೊಂಡು ನಿಲ್ಲಲಿ?

ಬೈ. ಎರಡು ಬೈದಾದ್ರೂ ಬಿಡು.

ನಾನು ಎಂತ ಮಾಡ್ಲಿ ಹೇಳು! ಸಮಿತಿಯವರು ಹೇಳಿದ ಮೇಲೆ ನನ್ನ ಕೈಯಲ್ಲಿ ಎಂತ ಉಂಟು? ದೇವಿಪ್ರಸಾದ್ ಖಡಾಖಂಡಿತ ಹೇಳಿದ. ಅವನಿಗೂ ಮೇಲಿನವರ ಒತ್ತಡ ಇರಬಹುದು. ನೀನು ಅವನ ಮೇಲೆ ಸಿಟ್ಟು ಮಾಡ್ಬೇಡ...

ಮೊಬೈಲ್ ಯಾಕೆ ತೆಗೆದದ್ದು?

ಯಾರಿಗೆ? ...ಫೈಝಲ್, ಯಾರಿಗೆ ಫೋನ್? ದೇವಿಪ್ರಸಾದನಿಗಾ? ಬೇಡ. ಅವ ಆಫೀಸಿನಲ್ಲಿ ಇರ್ತಾನೆ ಈಗ. ಅವನಿಗೆ ಮುಜುಗರ ಆಗ್ತದೆ... ನೀನು ಅವನನ್ನು ಕೇಳುವುದು ಸರಿಯಲ್ಲ, ನಾನೇ ಮಾತಾಡ್ತೇನೆ, ಸಂಜೆ ನಾನೇ... ಕಟ್ ಮಾಡು. ರಿಂಗ್ ಆಗ್ತಾ ಉಂಟಾ? ಕಟ್ ಮಾಡು ಅಂತ ಹೇಳಿದೆ! ಅವನಿಗೆ ಎಂತದೂ ಗೊತ್ತಿಲ್ಲ!

ಗೊತ್ತಿಲ್ಲ ಅವನಿಗೆ. ಬಣ್ಣದ ಸುದ್ದಿ ಅವ ಎತ್ತಲೇ ಇಲ್ಲ. ಸಮಿತಿಯಲ್ಲಿ ಯಾರೂ ಎತ್ತಲಿಲ್ಲ. ಯಾರೂ ಎಂತ ಹೇಳಲಿಲ್ಲ ಫೈಝಲ್... ನನಗೇ ಹೆದರಿಕೆ. ಮುಂದೆ ಹೇಳಿದ್ರೆ, ಯಾರಾದ್ರೂ ಎದ್ದು ನಿಂತು ಹೇಳಿದ್ರೆ, ಪ್ರೋಗ್ರಾಂ ಹೋದ್ರೆ ಅಂತ... ಅವರು ಕೇಳುವ ಮೊದಲೇ ನಾನೇ ನಿನ್ನನ್ನು ಬಿಟ್ಟುಕೊಟ್ಟೆ.

ಅವ ಫೋನ್‌ನಲ್ಲಿ ಕೇಳಿದ್ದು ಒಂದೇ ಮಾತು. "ರವಿಯಣ್ಣ, ಫೈಝಲ್ ಬರ್ತಾನಲ್ಲ?" ಅಂತ ಕೇಳಿದ. ಖುಷಿಯಲ್ಲೇ ಕೇಳಿದ.

ನಾನು... ನೀನು ಆರ್ಕೆಸ್ಟ್ರಾ ಬಿಟ್ಟೆ ಅಂತ ಹೇಳಿದೆ.