ನಾಲ್ಕು ಸಲ ಮೇರ್

ಇಲ್ಲ ಮೇಡಂ, ನೀವೇನೂ ತಪ್ಪು ಕೇಳಿಸ್ಕೊಂಡಿಲ್ಲ. ಮೇರ್. ತೀರಿಹೋದವರ ಹೆಸರು ಬೇಥಿಯಾ ಮೇರ್, ನಮ್ಮಮ್ಮ. ತವರಿನ ಹೆಸರು ಮೇರ್. ಮೊದಲ ಗಂಡ ಜೋಸೆಫ್ ಮೇರ್, ಅಂದ್ರೆ ನಮ್ಮಪ್ಪ. ಎರಡನೆಯವರು ಲೆಸ್ಲಿ ಮೇರ್... ಯಾಕೆ ನಗ್ತಿದೀರಾ? ನಗಿ, ನಗಿ. ನಿಮ್ಮ ಹಂಟ್ಲಿ ಊರಿನವರಿಗೆ ಇದು ನಗೋ ವಿಷಯವೇ. ನಿಮ್ಮ ಕಡೆ ದನ, ಬಾರ್ಲಿ, ಒಂದೊಂದು ಮನೆಗೆ ಒಂದೊಂದು ಹೆಸರು. ನಮ್ಮದು ಮೀನಿನವರ ಊರು, ಪೋರ್ಟ್‌ನಾಕಿ. ಬಂದರಿನಲ್ಲಿ ನಿಂತು ಮೇರ್ ಅಂತ ಕೂಗಿದ್ರೆ ಅರ್ಧ ಊರು ತಿರುಗಿ ನೋಡುತ್ತೆ. ಇನ್ನರ್ಧಕ್ಕೆ ಕಿವಿ ಕೇಳಲ್ಲ.

ಅದಕ್ಕೇ ನಮ್ಮಲ್ಲಿ ಅಡ್ಡಹೆಸರು ಇರೋದು. ಶೇವಿ ಮೇರ್, ಬಾಬಿನ್ ಮೇರ್, ಡೀಕನ್ ಮೇರ್... ತಮಾಷೆಗೆ ಇಟ್ಕೊಂಡಿದ್ದಲ್ಲ, ಮುತ್ತಾತನ ಕಾಲದಿಂದ ಬಂದದ್ದು. ಹಿಂದೆಲ್ಲ ಹುಟ್ಟು ಸಾವು ಬರ್ಕೊಳ್ಳೋ ನಿಮ್ಮಂಥವರೂ ರಿಜಿಸ್ಟರಿನಲ್ಲಿ ಅದನ್ನ ಸೇರಿಸಿಯೇ ಬರೀತಿದ್ರು. ಇಲ್ಲದಿದ್ರೆ ಅಂಚೆಯವನು ಒಬ್ಬಳಿಗೆ ಬಂದ ಪ್ರೇಮಪತ್ರ ಇನ್ನೊಬ್ಬಳಿಗೆ ಕೊಟ್ಟುಬಿಡ್ತಿದ್ದ. ಕೊಟ್ಟೂ ಇದಾನೆ. ಲೆಸ್ಲಿ ನಮ್ಮಮ್ಮನಿಗೆ ಗಂಟುಬಿದ್ದದ್ದು ಹಾಗೇ.

ಆದ್ರೆ ನೀವು ಅಡ್ಡಹೆಸರು ಬರೀಬೇಡಿ. ಬರೀ ಮೇರ್ ಸಾಕು. ಚೊಕ್ಕವಾಗಿರುತ್ತೆ.

ಹ್ಞೂಂ, ಗೊತ್ತು, ಗೊತ್ತು... ನಮ್ಮ ಸ್ಕಾಟ್ಲೆಂಡಿನಲ್ಲಿ ಹೆಂಗಸು ಎಷ್ಟು ಸಲ ಮದುವೆಯಾದ್ರೂ ಒಂದು ಹೆಸರೂ ಅವಳನ್ನ ಬಿಟ್ಟುಹೋಗಲ್ಲ. ಗೋರಿಕಲ್ಲಿನ ಮೇಲೂ ತವರಿನ ಹೆಸರೇ. ನಿಮ್ಮ ದಾಖಲೆಯ ಸೂಚಿಯಲ್ಲಿ ಒಂದೊಂದು ಹೆಸರಿಗೂ ಒಂದೊಂದು ಸಾಲು, ಯಾವುದರಲ್ಲಿ ಹುಡುಕಿದ್ರೂ ಸಿಕ್ತಾಳೆ. ನಮ್ಮಮ್ಮನಿಗೆ ಮೂರು ಸಾಲು, ಮೂರೂ ಮೇರ್. ನೂರು ವರ್ಷ ಆದ್ಮೇಲೆ ಯಾರಾದ್ರೂ ನೋಡಿದ್ರೆ ಒಂದೇ ದಿನ ಮೂವರು ಬೇಥಿಯಾಗಳು ಸತ್ರು, ಊರಿಗೆ ಅದೇನು ಬಡೀತೋ ಅಂದ್ಕೋತಾರೆ.

ಇದೆಲ್ಲ ನನಗೆ ಹೇಗೆ ಗೊತ್ತು ಅಂದ್ರೆ, ನನ್ನ ಮಗಳು. ಲೋರ್ನಾ. ಹೊರಗೆ ಕೂತಿದಾಳಲ್ಲ, ಕೆಂಪು ಮಫ್ಲರಿನವಳು, ನನ್ನನ್ನ ಕಾರಿನಲ್ಲಿ ಕರ್ಕೊಂಡು ಬಂದವಳು ಅವಳೇ. ಎರಡು ವರ್ಷದಿಂದ ಅವಳಿಗೆ ವಂಶವೃಕ್ಷದ ಹುಚ್ಚು ಹಿಡಿದಿದೆ. ಊಟದ ಮೇಜಿನ ಉದ್ದಕ್ಕೂ ಕಾಗದ ಹಾಸಿದಾಳೆ, ನಾವು ಮಡಿಲಲ್ಲಿ ತಟ್ಟೆ ಇಟ್ಕೊಂಡು ಉಣ್ತೀವಿ. ಮರುಮದುವೆಯಾದ ಹೆಂಗಸರೇ ಎಲ್ಲರಿಗಿಂತ ಕಷ್ಟ ಅಂತಾಳೆ. ಜನಗಣತಿಯಲ್ಲಿ ಕಾಣ್ತಾರೆ, ಹತ್ತು ವರ್ಷ ಬಿಟ್ಟು ನೋಡಿದ್ರೆ ಮಂಗಮಾಯ. ಅವರನ್ನ ಹಿಡಿಯೋ ಜಾಗ ಸಾವಿನ ದಾಖಲೆ, ಅಲ್ಲಿ ಗಂಡಂದಿರೆಲ್ಲ ಸಾಲಾಗಿ ನಿಂತಿರ್ತಾರೆ ಅಂತಾಳೆ, ಏನೋ ಬಸ್ಸಿಗೆ ಕಾಯ್ತಿರೋರ ಹಾಗೆ.

ನೀವು ಇವತ್ತು ಏನು ಬರೀತೀರೋ ಅದನ್ನ ಅವಳು ಓದೇ ಓದ್ತಾಳೆ. ತನಗೊಂದು ಪ್ರತಿ ಬೇಕು ಅಂತ ಕಾರಿನಲ್ಲೇ ಹೇಳಿದಾಳೆ. ಅದಕ್ಕೇ ಮೇಡಂ... ಗಂಡಂದಿರು ಇಬ್ಬರು. ಇಬ್ಬರು ಅಂತ ಬರೆದು ಮುಗಿಸ್ಬಿಡಿ, ಅವಳ ಮನಸ್ಸು ಸಮಾಧಾನವಾಗಿರುತ್ತೆ. ಅಜ್ಜಿಯನ್ನ ಅವಳು ಸರಿಯಾಗಿ ನೋಡಿದ್ದೂ ಇಲ್ಲ. ಹೊಲಿಗೆ ಮೆಷಿನ್ ವಿಷಯಕ್ಕೆ ನನಗೂ ಅಮ್ಮನಿಗೂ ಮಾತು ನಿಂತುಹೋಗಿತ್ತು, ಮೂವತ್ತನಾಲ್ಕು ವರ್ಷ. ಒಳ್ಳೇ ಮೆಷಿನ್ನು ಅದು.

ನಾನಾ? ಎಲ್ಸ್‌ಪೆಟ್ ಮೇರ್. ಹುಟ್ಟಿದ್ದೂ ಮೇರ್, ಕೊಟ್ಟಿದ್ದೂ ಮೇರ್‌ಗೆ. ನನ್ನ ಗಂಡ... ಸಮುದ್ರಕ್ಕೆ ಹೋದರು. ಅಯ್ಯೋ, ನೀವ್ಯಾಕೆ ತಲೆ ತಗ್ಗಿಸ್ತೀರಾ, ಹಳೇ ಮಾತು ಅದು. ನಮ್ಮೂರಲ್ಲಿ ಗಂಡ ಎಲ್ಲಿ ಅಂದ್ರೆ ಸಮುದ್ರ ಅಂದ್ರೆ ಸಾಕು, ಯಾರೂ ಮುಂದೆ ಕೇಳಲ್ಲ. ಲೋರ್ನಾ ಒಬ್ಬಳು ಕೇಳ್ತಾಳೆ. ಅಪ್ಪನ ಸಾವಿನ ದಾಖಲೆ ಎಲ್ಲೂ ಸಿಕ್ತಿಲ್ಲವಂತೆ. ಸಿಗಲ್ಲ ಕಣೇ, ಮೀನುಗಳು ಸಹಿ ಹಾಕಲ್ಲ ಅಂತ ಹೇಳಿದೀನಿ.

ಡಾಕ್ಟರ ಕಾಗದ ತಾನೇ, ಆ ಲಕೋಟೆಯಲ್ಲಿದೆ ನೋಡಿ. ಹೊರಗೆ ಟೋಪಿ ಕೈಯಲ್ಲಿ ಹಿಡ್ಕೊಂಡು ಒಬ್ಬ ಮುದುಕ ಕೂತಿದಾರಲ್ಲ, ಅವರು ತಂದದ್ದು. ಅಮ್ಮನ ಪಕ್ಕದ ಮನೆಯವರು, ಫ್ರೇಜರ್‌ಬರಾದವರು. ಅಂಚೆಯಲ್ಲಿ ಹಾಕು ಅಂದಿದ್ದೆ. ಕೈಯಾರೆ ಕೊಡ್ಬೇಕು ಅಂತ ಎರಡು ಬಸ್ಸು ಹತ್ತಿ ಬಂದುಬಿಟ್ಟಿದಾರೆ. ನಾನು ಯಾರಿಗೂ ಗೊತ್ತಾಗಬಾರದು ಅಂತ ಇಷ್ಟು ದೂರದ ಆಫೀಸಿಗೆ... ಅಂದ್ರೆ, ಊರಿನ ಆಫೀಸಿನಲ್ಲಿ ರಶ್ಶು. ಅದಕ್ಕೆ.

ಏನದು? ಇನ್ನೊಂದು ಕಾಗದ ಇದೆಯಾ ಅದರಲ್ಲಿ?

ಓ.

ಅದೇನು ಅಷ್ಟು ದೊಡ್ಡ ಮದುವೆ ಅಲ್ಲ ಮೇಡಂ. ಕೇಕ್ ಕೂಡ ಇರಲಿಲ್ಲ. ವಯಸ್ಸಾದ ಕಾಲಕ್ಕೆ ಚಳಿಗೆ ಮಾಡ್ಕೊಂಡಿದ್ದು. ಫ್ರೇಜರ್‌ಬರಾದ ಗಾಳಿ ನಿಮಗೇ ಗೊತ್ತಲ್ಲ, ಮೂಳೆಯೊಳಗೆ ಹೋಗಿ ಕೂತ್ಕೊಳ್ಳುತ್ತೆ. ಅಂಥದ್ದನ್ನೆಲ್ಲ ಲೆಕ್ಕಕ್ಕೆ ತಗೋಬೇಕಾ? ಒಂದು ಉಣ್ಣೆ ಕಂಬಳಿ ಕೊಂಡ್ಕೊಂಡ್ರು ಅಂತ ತಿಳ್ಕೊಳ್ಳಿ. ಕಂಬಳಿ ದಾಖಲೆಗೆ ಹಾಕ್ತೀರಾ ನೀವು?

ಹಾಕ್ತೀರಾ. ಹ್ಞಾಂ, ಗೋಡೆ ಮೇಲೆ ಬರ್ದಿದೆ, ಓದಿದೆ, ಸುಳ್ಳು ಹೇಳೋದು ಅಪರಾಧ. ಸುಳ್ಳು ಎಲ್ಲಿ ಹೇಳಿದೆ? ಸ್ವಲ್ಪ ಕಡಿಮೆ ಹೇಳಿದೆ.

ಆಯ್ತು. ಮೂರನೆಯವನೂ ಮೇರ್. ಮುಗೀತಲ್ಲ, ಸೂಚಿಗೆ ಇನ್ನೊಂದು ಸಾಲು. ಮೊದಲ ಹೆಸರೂ ಬೇಕಾ? ಬರೀ ಮೇರ್ ಅಂದ್ರೆ ನಡೆಯಲ್ವಾ... ಎರಿಕ್. ಹೋಗಲಿ ಬಿಡಿ, ಬರ್ಕೊಳ್ಳಿ, ನಮ್ಮೂರಲ್ಲಿ ಹನ್ನೊಂದು ಜನ ಎರಿಕ್ ಮೇರ್ ಇದಾರೆ, ಅಡ್ಡಹೆಸರಿಲ್ಲದಿದ್ರೆ ದೇವರಿಗೂ ಗುರುತು ಸಿಗಲ್ಲ. ಏನಂದ್ರಿ? ಅದರಲ್ಲೇ ಇದೆಯಾ? ಎರಿಕ್ ಡೀಕನ್ ಮೇರ್ ಅಂತ? ಅದನ್ನ ಬರೆಸು ಅಂತ ಇವನಿಗೆ ಯಾರು ಹೇಳಿದ್ರು. ಬೇಕಾದ ಕಡೆ ಒಂದು ನಿಜ ಹೇಳಿದವನಲ್ಲ, ಬೇಡದ ಕಡೆ ಹರಿಶ್ಚಂದ್ರ.

ಇಲ್ಲ, ಇಲ್ಲ, ನನಗೆ ಅಷ್ಟೇನೂ ಪರಿಚಯ ಇಲ್ಲ. ಕೇಳಿ ಗೊತ್ತು.

ಮದುವೆ ಎರಡು ಸಾವಿರದ ಏಳರಲ್ಲೇ, ಕಾಗದ ಸರಿಯಾಗೇ ಇದೆ. ಅಮ್ಮನಿಗೆ ಅರವತ್ತೇಳು, ಇವನಿಗೆ ಐವತ್ತೈದು. ಹಾಗಂತ ಅಲ್ಲಿಯವರೆಗೆ ಬೇರೆ ಬೇರೆ ಇದ್ರು ಅಂದ್ಕೋಬೇಡಿ. ಅದಕ್ಕೂ ಮುಂಚೆ ಇಪ್ಪತ್ತೆರಡು ವರ್ಷ ಒಂದೇ ಮನೆಯಲ್ಲಿದ್ರು. ಮಾಡ್ಕೊಳ್ಳೋಕೆ ಕಾನೂನು ಎಲ್ಲಿ ಬಿಡ್ತಿತ್ತು? ಎರಡು ಸಾವಿರದ ಆರರಲ್ಲಿ ಬದಲಾಯ್ತಲ್ಲ, ಮುಂದಿನ ವರ್ಷಕ್ಕೇ ಓಡಿಹೋಗಿ...

ಯಾಕೆ ಬರೆಯೋದು ನಿಲ್ಲಿಸಿದ್ರಿ?

ಏನಾದ್ರೂ ಕೇಳಿ ಮೇಡಂ. ಯಾವ ಕಾನೂನು ಅಂತ ಕೇಳಿ. ಬೇರೆ ಯಾರೇ ಆಗಿದ್ರೂ ಕೇಳ್ತಿದ್ರು, ನಾನೂ ಏನೋ ಒಂದು ಹೇಳ್ತಿದ್ದೆ, ಪಾದ್ರಿ ಒಪ್ಪಲಿಲ್ಲ, ವಿಚ್ಛೇದನದ ಕಾಗದ ಕಳೆದುಹೋಗಿತ್ತು, ಏನೋ ಒಂದು. ಕೇಳಲ್ವಾ...

ನಿಮಗೆ ಗೊತ್ತಾಯ್ತು. ಮದುವೆ ಬರ್ಕೊಳ್ಳೋರೂ ನೀವೇ ತಾನೇ. ಯಾರು ಯಾರನ್ನ ಮದುವೆ ಆಗಬಾರದು ಅನ್ನೋ ಪಟ್ಟಿ ನಿಮಗೆ ಬಾಯಿಪಾಠ ಇರುತ್ತೆ. ಅದರಿಂದ ಆ ವರ್ಷ ತೆಗೆದುಹಾಕಿದ್ದು ಏನು ಅಂತಾನೂ ಗೊತ್ತಿರುತ್ತೆ.

ಬಿಟ್ಟ ಹೆಂಡತಿಯ ತಾಯಿ.

ಹಾಗೆ ನೋಡ್ಬೇಡಿ ತಾಯಿ. ಸಮುದ್ರಕ್ಕೆ ಹೋದ ಅಂದದ್ದರಲ್ಲಿ ಪೂರ್ತಿ ಸುಳ್ಳಿಲ್ಲ, ಫ್ರೇಜರ್‌ಬರಾನೂ ಸಮುದ್ರದ ದಂಡೆಯಲ್ಲೇ ಇದೆ. ಲೋರ್ನಾಗೆ ಆಗ ಎರಡು ವರ್ಷ. ಒಂದು ಮಂಗಳವಾರ ಅವರಿಬ್ಬರೂ ಹೊರಟುಹೋದ್ರು, ಹೊಲಿಗೆ ಮೆಷಿನ್ನೂ ತಗೊಂಡು. ಎರಡು ವರ್ಷದ ಕೂಸಿಗೆ ಏನಂತ ಹೇಳೋದು? ಹತ್ತು ವರ್ಷ ಆದ್ಮೇಲೆ ಏನಂತ ಹೇಳೋದು? ಈಗ ಮೂವತ್ತಾರು, ಈಗಲಾದ್ರೂ... ಒಬ್ಬನೇ ಮನುಷ್ಯ, ಅವಳಿಗೆ ಅಪ್ಪನೂ ಹೌದು, ತಾತನೂ ಹೌದು. ಮೇಜಿನ ಮೇಲಿನ ಆ ಕಾಗದದಲ್ಲಿ ಅವಳು ಗೆರೆ ಎಲ್ಲಿಂದ ಎಲ್ಲಿಗೆ ಎಳೀಬೇಕು, ಹೇಳಿ. ನಾನು ಎಷ್ಟು ಸಲ ಮನಸ್ಸಲ್ಲೇ ಎಳೆದು ನೋಡಿದೀನಿ. ಎಳೆದಾಗೆಲ್ಲ ನನ್ನ ಹೆಸರಿನ ಮೇಲೆ ಹಾದುಹೋಗುತ್ತೆ.

ಏನು ನೋಡ್ತಿದೀರಾ ಆ ಕಡೆ? ಬಾಗಿಲ ಗಾಜಿನಲ್ಲಿ ಏನಿದೆ... ನಾನು ತಿರುಗಲ್ಲ, ನೀವೇ ಹೇಳಿ. ಲೋರ್ನಾ ಎರಿಕ್ ಪಕ್ಕಕ್ಕೆ, ಆ ಟೋಪಿಯವನ ಪಕ್ಕಕ್ಕೆ ಬಂದು ಕೂತಿದಾಳಾ? ಪೆನ್ನು ತೆಗೆದಿದಾಳಾ? ತೆಗೀತಾಳೆ. ನಮ್ಮ ಕಡೆಯ ಮುದುಕರು ಕಣ್ಣಿಗೆ ಬಿದ್ರೆ ಸಾಕು, ನಿಮ್ಮ ಅಡ್ಡಹೆಸರೇನು ಅಂತ ಶುರು ಮಾಡ್ತಾಳೆ.

ಅವನು... ಬಾಯಿ ಬಿಟ್ಟನಾ?

ತಲೆ ಅಲ್ಲಾಡಿಸ್ತಿದಾನೆ. ಟೋಪಿ ತಿರುಗಿಸ್ತಿದಾನೆ. ಎಷ್ಟು ಹೊತ್ತು ತಿರುಗಿಸ್ತಾನೆ ಪಾಪಿ.

ಬರ್ಕೊಳ್ಳಿ ತಾಯಿ. ಎರಿಕ್ ಡೀಕನ್ ಮೇರ್. ಮೀನುದೋಣಿಯ ಎಂಜಿನ್ ಕೆಲಸ. ಬದುಕಿದಾನೆ. ಆಮೇಲೆ ಆ ಬಾಗಿಲು ತೆಗೆದು ಒಳಗೆ ಕರೀರಿ... ಇಬ್ಬರನ್ನೂ ಅಲ್ಲ. ಮೊದಲು ಅವಳನ್ನ.