ಅಕ್ಕನನ್ನು ಬಿಟ್ಟು ಹುಡುಕಿದವಳು

ಸಂಜೆ ಹಿಡಿದ ಮಳೆ ಬಿಡಲಿಲ್ಲ, ಜೊತೆಗೆ ಕರೆಂಟೂ ಹೋಯಿತು. ಕಾಲೇಜಿನ ಲೈಬ್ರರಿಯಲ್ಲಿ ಸಿಕ್ಕಿಕೊಂಡ ನಾಲ್ಕೈದು ಸಂಶೋಧನಾ ವಿದ್ಯಾರ್ಥಿಗಳು ಒಂದೇ ಮೇಜಿನ ಸುತ್ತ ಕುರ್ಚಿ ಎಳೆದುಕೊಂಡರು. ಅವರಲ್ಲಿ ಹೊಸದಾಗಿ ಸೇರಿದ್ದ ಹುಡುಗಿ ಗೊಣಗಿದಳು. "ಕಂಪ್ಯೂಟರಿನ ಕ್ಯಾಟಲಾಗಲ್ಲಿ ಏನು ಹುಡುಕಿದ್ರೂ ಒಬ್ಬನೇ ಲೇಖಕನದ್ದು ರಾಶಿ ಬೀಳ್ತಿತ್ತು. ಅವನ ಹೆಸರು ತೆಗೆದು ಹುಡುಕೋಣ ಅಂದ್ರೆ ಕರೆಂಟು ಹೋಯ್ತು."

ನಿವೃತ್ತಿಯಾದ ಮೇಲೂ ದಿನಾ ಬಂದು ಕೂರುವ ಹಳೆಯ ಲೈಬ್ರೇರಿಯನ್ನರನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಅವರು ಕನ್ನಡಕ ತೆಗೆದಿಟ್ಟರು.

"ವರ್ಷ ತೆಗಿ, ಭಾಷೆ ತೆಗಿ... ಮನುಷ್ಯರ ಹೆಸರು ಮಾತ್ರ ತೆಗೀಬೇಡ ಕಂದಾ. ಯಾಕೆ ಅಂತೀಯಾ? ಕೇಳು.

ಇದೇ ಕೋಣೇಲಿ ಅಕ್ಕ ತಂಗಿ ಇಬ್ರು ಓದ್ತಿದ್ರು. ಅಕ್ಕ ನದಿಯ ಹೂಳಿನ ಬಗ್ಗೆ ಬರೆದು ಬರೆದು ದೊಡ್ಡ ಹೆಸರು ಮಾಡಿದ್ಲು, ಆಮೇಲೆ ಜ್ವರ ಬಂದು ಹೋಗ್ಬಿಟ್ಲು. ತಂಗೀದೂ ಮೊದಲಿಂದ ಅದೇ ವಿಷಯ. ಪಾಪ, ಎಲ್ಲಿ ಹೋದ್ರೂ 'ಓ, ಅವಳ ತಂಗಿನಾ?' ಅನ್ನೋರೇ. ತನ್ನದು ಅಂತ ಒಂದು ಪ್ರಬಂಧ ಬರೀಬೇಕು, ಅಕ್ಕನ ಸೋಂಕೂ ಇರಬಾರದು, ಅದೊಂದೇ ಹಟ ಅವಳಿಗೆ. ಹುಡುಕೋದ್ರಲ್ಲಿ ಭಾರೀ ಜಾಣೆ... ಕ್ಯಾಟಲಾಗಿನ ಹತ್ರ ನಮ್ಮ ಮಾತಲ್ಲಿ ಕೇಳಬಾರದು, ಅದು ಇಟ್ಕೊಂಡಿರೋ ಪದದಲ್ಲೇ ಕೇಳಬೇಕು ಅಂತ ಗೊತ್ತಿತ್ತು. ಬರೀ 'ಹೂಳು' ಅಂದ್ರೆ ಸಮುದ್ರದಷ್ಟು ಬರುತ್ತೆ, 'ಮತ್ತು ಅಣೆಕಟ್ಟು' ಅಂತ ಸೇರಿಸಿದ್ರೆ ಒಂದು ಕೊಡದಷ್ಟಕ್ಕೆ ಇಳಿಯುತ್ತೆ ಅಂತಲೂ ಗೊತ್ತಿತ್ತು. ಆದ್ರೆ ಏನು ಮಾಡೋದು, ಕೊಡದ ತುಂಬಾ ಅಕ್ಕನೇ! ಒಂದಿನ ರೋಸಿಹೋಗಿ, 'ಇದನ್ನು ಬಿಟ್ಟು' ಅನ್ನೋ ಕಡೆ ಅಕ್ಕನ ಹೆಸರು ಹಾಕಿದ್ಲು.

ರಾಶಿ ರಾಶಿ ಉದುರಿಹೋಯ್ತು. ಜೀವ ಹಗುರ ಆಯ್ತಂತೆ. ಆಮೇಲೆ ನೋಡ್ತಾಳೆ... ತನ್ನ ಲೇಖನವೂ ಇಲ್ಲ! ಇದ್ದದ್ದೇ ಒಂದು, ಅದನ್ನೂ ಅಕ್ಕನ ಜೊತೆ ಸೇರಿ ಬರೆದಿದ್ಲು. ಅಕ್ಕನನ್ನ ತೆಗೆದ್ರೆ ಅವಳೂ ಹೋಗಲೇಬೇಕಲ್ಲ? ಗಾಬರಿಯಾಗಿ ಕೌಂಟರಿಗೆ ಹೋಗಿ ಕೇಳಿದ್ಲು. ಅಲ್ಲಿದ್ದವನು ಅವಳ ಹಿಂದೆ ನಿಂತವರನ್ನ ನೋಡಿ 'ಬನ್ನಿ, ಏನು ಬೇಕಿತ್ತು?' ಅಂದ. ಮನೆಗೆ ಓಡಿದ್ಲು. ಅಮ್ಮ ಬಾಗಿಲು ತೆಗೆದು ಆಚೆ ಈಚೆ ನೋಡಿ, 'ಗಾಳಿ ಇರಬೇಕು' ಅಂತ ಮುಖದ ಮೇಲೇ ಬಾಗಿಲು ಹಾಕ್ಕೊಂಡ್ಲು. 'ಅಮ್ಮಾ, ನಾನು ಕಣೇ' ಅಂತ ಎಷ್ಟು ಕೂಗಿದ್ರೆ ಏನು ಬಂತು, ಹೆತ್ತ ತಾಯಿಗೇ ಕೇಳಿಸದ ಮೇಲೆ?

ಆ ಹೆಸರು ಮತ್ತೆ ಸೇರಿಸಿದ್ರೆ ಸರಿಹೋಗುತ್ತೆ ಅಂತ ಎದ್ದು ಬಿದ್ದು ಇಲ್ಲಿಗೇ ಬಂದ್ಲು. ಕೀಲಿ ಒತ್ತಿದ್ರೆ ಅಕ್ಷರ ಮೂಡಲ್ಲ. ಆಗ ಪಕ್ಕದ ಕುರ್ಚಿ ಸರಿದ ಸದ್ದು... ಅಕ್ಕ! 'ಬಂದ್ಯಾ ಪುಟ್ಟಿ? ಜಾಗ ಹಿಡಿದಿಟ್ಟಿದ್ದೆ' ಅಂದ್ಲು. ಕೋಪ ಇಲ್ಲ, ಏನಿಲ್ಲ. ಅದಕ್ಕೇ ನನಗೆ ಇನ್ನೂ ಭಯ."

"ಇದೆಲ್ಲ ನಿಮಗೆ ಯಾರು ಹೇಳಿದ್ರು ದೊಡ್ಡಮ್ಮ?" ಒಬ್ಬ ನಕ್ಕ.

"ಅವಳೇ. ತನ್ನವರಿಂದಲೇ ಬೇಡ ಅನ್ನಿಸಿಕೊಂಡವರ ಕಣ್ಣಿಗೆ ಅಕ್ಕ ತಂಗಿ ಇಬ್ರೂ ಬೀಳ್ತಾರೆ, ಬೇರೆಯವರಿಗಿಲ್ಲ. ನನ್ನನ್ನೂ ಒಬ್ರು ಹಾಗೆ ಅಂದಿದ್ರು... ಅದು ಬಿಡು."

ಹುಡುಗರು ಮೂಲೆಯ ಖಾಲಿ ಕುರ್ಚಿಗಳ ಕಡೆ ತಿರುಗಿ, "ಎಲ್ಲಿ, ನಮಗೂ ತೋರಿಸಿ" ಎಂದು ತಮಾಷೆ ಮಾಡಿದರು. ಹೊಸ ಹುಡುಗಿಗೆ ನಗು ಬರಲಿಲ್ಲ. ಮೂಲೆಯಲ್ಲಿ ಆರಿದ ಕಂಪ್ಯೂಟರಿನ ಮುಂದೆ ಕೂತಿದ್ದ ಇಬ್ಬರು ಹೆಂಗಸರನ್ನು ಅವಳು ಸಂಜೆಯಿಂದಲೂ ತನ್ನಂಥ ವಿದ್ಯಾರ್ಥಿಗಳೆಂದೇ ತಿಳಿದಿದ್ದಳು. ಓದಲು ಹೊರಟ ದಿನ ಅಪ್ಪ ಹೊಸ್ತಿಲಲ್ಲಿ ನಿಂತು ಆಡಿದ ಮಾತನ್ನು ಅವಳು ಇಲ್ಲಿ ಯಾರಿಗೂ ಹೇಳಿರಲಿಲ್ಲ. ಇಬ್ಬರಲ್ಲಿ ಚಿಕ್ಕವಳು ಈಗ ಇವಳನ್ನೇ ನೋಡುತ್ತಿದ್ದಳು.

ದೊಡ್ಡಮ್ಮ ಮೂಲೆಯ ಕಡೆ ನೋಡಲಿಲ್ಲ. ಹುಡುಗಿಯ ಮುಖ ನೋಡಿದರು, ಅವಳ ಕೈ ಹಿಡಿದುಕೊಂಡರು.

"ಕಂದಾ... ನಿನ್ನನ್ನ ಯಾರು ಬೇಡ ಅಂದ್ರು?"