ಮಸರತಳ ನಿದ್ದೆ

ಆಳಂದ ಬಸ್ ನಿಲ್ದಾಣದಲ್ಲಿ ‘ಟಕ್’ ಎಂದು ಸಣ್ಣ ಸದ್ದಾಯಿತು. ನನ್ನ ಪಕ್ಕದಲ್ಲಿ ಕುಳಿತ ಹುಡುಗಿ ಕೈಗೆ ಬ್ಯಾಂಡ್ ಕಟ್ಟಿಕೊಳ್ಳುತ್ತಿದ್ದಳು. ನಡಿಗೆ, ನಿದ್ದೆ ಅಳೆಯುವ ಬ್ಯಾಂಡ್. ನೋಡಲು ಥೇಟ್ ಅರಗಿನ ಬಳೆ. ಅವಳ ಜೊತೆಗಿದ್ದ ಹಿರಿಯಾಕೆ ಅದನ್ನೇ ನೋಡುತ್ತಿದ್ದಳು.

“ಭಾಳ ಚಂದ ಅದ ಬೇ ಮಸರತ. ನಿಮ್ಮವ್ವ ಮಾಡೋ ಬಳಿ ಇದ್ದಂಗ ಅದ.”

“ಅಮ್ಮಂದೇ ಡಿಸೈನ್ ಮಾವಶಿ. ನಾನೇ ಚಿತ್ರ ಬರದು ಕೊಟ್ಟೀನಿ. ನಮ್ಮ ಬ್ಯಾಂಡ್ ಕಂಪನಿ ಮಾಲಕ ತಾನೇ ಮಾಡೀನಿ ಅಂತ ಪುಸ್ತಿಕ್ಯಾಗ ಛಾಪಿಸ್ಯಾನ.”

“ಕೇಳಲಿಲ್ಲೇನು?”

“ಕೇಳಿದೆ. ಟೆಸ್ಟ್ ಮಾಡಾಕ ಬ್ಯಾಂಡ್ ಕಟ್ಕೊಂಡು ಮಲಗೋದಷ್ಟೇ ನಿನ್ನ ಕೆಲಸ ಅಂದ.”

“ಮತ್ತ?”

“ಮಲಗಿದೆ. ಬ್ಯಾಂಡ್ ಮಾತ್ರ ತಮ್ಮನ ಕೈಗೆ ಕಟ್ಟಿದೆ.”

“ಅರ್ಫಾತಗ? ಅಂವ ರಾತ್ರಿಯೆಲ್ಲ ದಾಲ್ ಮಿಲ್‌ನ್ಯಾಗ ಚೀಲ ಹೊರ್ತಾನಲ್ಲ!”

“ಹೌದ್ರಿ. ಮೂರು ರಾತ್ರಿ ಹೊತ್ತಾನ.”

ಹಿರಿಯಾಕೆ ಬಾಯಿಗೆ ಸೆರಗು ಹಿಡಿದು ನಕ್ಕಳು.

“ಇವತ್ತ ಕಲಬುರಗ್ಯಾಗ ಮಾಲಕ, ರೊಕ್ಕ ಹಾಕೋ ಪುಣೆದ ಸಾಹುಕಾರ್ರಿಗೆ ಪರದೆ ಮ್ಯಾಲ ನನ್ನ ನಿದ್ದಿ ತೋರಸ್ತಾನ. ಮಲಗಿದಾಕಿ ಹನ್ನೆರಡು ಸಾವಿರ ಹೆಜ್ಜಿ ನಡದಾಳ ಅಂತ ಬರ್ತದ. ನಾನು ಎದ್ದು ನಿಂತು, ಹತ್ತಕ್ಕ ಮಲಗೀನ್ರಿ, ಮುಂಜಾನಿ ತನಕ ಎಚ್ಚರನೇ ಆಗಿಲ್ರಿ ಅಂತೀನಿ.”

“ಕೆಲಸ ಹೋದೀತು ಬೇ.”

“ಹೋಗ್ಲಿ ಬಿಡ್ರಿ. ಅವನ ನಿದ್ದಿನೂ ಹೋಗ್ಲಿ.”

ಕಲಬುರಗಿ ಬಸ್ಸು ಬಂದಾಗ ಇಬ್ಬರೂ ಹತ್ತಿದರು. ನಾನೂ ಅದೇ ಕಂಪನಿಯವಳು, ಅದೇ ಸಭೆಗೆ ಹೊರಟವಳು. ವಿನ್ಯಾಸಕಾರರೆಂದು ಮಾಲೀಕರ ಹೆಸರನ್ನು ಪುಸ್ತಿಕೆಯಲ್ಲಿ ಕೂರಿಸಿದವಳೂ ನಾನೇ. ಆಗ ಯಾರ ಡಿಸೈನ್ ಎಂದು ಕೇಳಿರಲಿಲ್ಲ. ಅಷ್ಟರಲ್ಲಿ ಮಾಲೀಕರು ಫೋನ್ ಮಾಡಿ ಎಲ್ಲ ಸರಿಯಾಗಿದೆಯೇ ಎಂದು ವಿಚಾರಿಸಿದರು. ಸರಿಯಾಗಿದೆ ಎಂದೆ. ಕೇಳಿಸಿಕೊಂಡಿದ್ದನ್ನು ಯಾರಿಗೂ ಹೇಳುವುದಿಲ್ಲವೆಂದು ನಿರ್ಧರಿಸಿ, ಆ ಬಸ್ಸು ಹತ್ತದೆ ಮುಂದಿನ ಬಸ್ಸಿಗೆ ಕಾದು ಕುಳಿತೆ.